ಅಗ್ಗದ ಪೆಡಲಿನಲ್ಲಿ ಹಳೇ ವಾಲ್ವ್ ಆಂಪಿನ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಫೆಂಡರ್, ಮಾರ್ಷಲ್, ವಾಕ್ಸ್ ವಾಲ್ವ್ ಆಂಪ್‌ಗಳ (ಗಾಜಿನ ನಿರ್ವಾತ ಕೊಳವೆಗಳಿಂದ ಗಿಟಾರಿನ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್‌ಗಳ) ಸದ್ದಿಗೆ ಮನಸೋಲದ ಗಿಟಾರ್ ವಾದಕರು ಕಡಿಮೆ. ಆದರೆ ಅವು ದುಬಾರಿ, ಹೊರಲಾರದಷ್ಟು ಭಾರ, ಅವುಗಳ ನಿಜವಾದ ಸದ್ದು ಹೊರಡುವ ಹೊತ್ತಿಗೆ ಮನೆಯ ಗೋಡೆಗಳು ನಡುಗುತ್ತವೆ. ಅದೇ ಸದ್ದನ್ನು ಕಾಲಿನಿಂದ ಒತ್ತುವ ಅಂಗೈಯಗಲದ ಡಬ್ಬಿಯಲ್ಲಿ ಕೊಡುತ್ತೇವೆ ಎನ್ನುವ ಪೆಡಲ್‌ಗಳು ಈಗ ಬೇಕಾದಷ್ಟಿವೆ. ಕೊಂಡವರಲ್ಲಿ ಅರ್ಧ ಜನ ಖುಷಿಯಾಗಿದ್ದಾರೆ, ಉಳಿದರ್ಧ ಜನ "ಇದೇನು, ಜೇನುನೊಣದ ಹಾಗೆ ಗುಂಯ್‌ಗುಡುತ್ತದೆ" ಎಂದು ಮೂಲೆಗಿಟ್ಟಿದ್ದಾರೆ. ಇಬ್ಬರ ಬಳಿ ಇರುವುದೂ ಹೆಚ್ಚುಕಡಿಮೆ ಒಂದೇ ಪೆಡಲ್. ವ್ಯತ್ಯಾಸ ಇರುವುದು ಅದನ್ನು ಯಾವುದಕ್ಕೆ ಜೋಡಿಸಿದ್ದಾರೆ ಎಂಬುದರಲ್ಲಿ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಅಗ್ಗದ ಪೆಡಲ್ ನಿಜವಾಗಿಯೂ ಹಳೇ ಆಂಪಿನ ಹಾಗೆ ಕೇಳಿಸುತ್ತದೆಯೇ?

ಕೇಳುವವರ ಕಿವಿಗೆ ಬಹುಮಟ್ಟಿಗೆ ಹೌದು. ನುಡಿಸುವವರ ಕೈಗೆ ಪೂರ್ತಿಯಾಗಿ ಅಲ್ಲ.

ರೆಕಾರ್ಡಿಂಗಿನಲ್ಲಿ, ಬೇರೆ ವಾದ್ಯಗಳ ನಡುವೆ, ಒಳ್ಳೆಯ ಆಂಪ್ ಪೆಡಲ್ ಯಾವುದು, ಮೈಕ್ ಇಟ್ಟ ಆಂಪ್ ಯಾವುದು ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ಆದರೆ ಹನ್ನೆರಡು ಇಂಚಿನ ಸ್ಪೀಕರ್ ಬೆನ್ನ ಹಿಂದೆ ಗಾಳಿ ತಳ್ಳುವಾಗ ತಂತಿ ಬೆರಳಿಗೆ ಪ್ರತಿಕ್ರಿಯಿಸುವ ರೀತಿಯೇ ಬೇರೆ. ಅದನ್ನು ಸಣ್ಣ ಡಬ್ಬಿಯಿಂದ ನಿರೀಕ್ಷಿಸಬಾರದು.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ನಾವು ಇಷ್ಟಪಟ್ಟ ಹಾಡುಗಳಲ್ಲಿ ಕೇಳಿದ್ದು ಆಂಪಿನ ಸದ್ದನ್ನಷ್ಟೇ ಅಲ್ಲ. ಸ್ಪೀಕರ್ ಮುಂದೆ ಒಂದು ಮೈಕ್ ಇತ್ತು, ಅದು ಕೋನಿನ ನಡುವಿಗೆ ಇತ್ತೋ ಅಂಚಿಗೆ ಇತ್ತೋ ಎಂಬುದರ ಮೇಲೆ ಸದ್ದು ಚುರುಕಾಗಿಯೋ ಮಂದವಾಗಿಯೋ ದಾಖಲಾಯಿತು, ಆಮೇಲೆ ಮಿಕ್ಸಿಂಗಿನಲ್ಲಿ ಇನ್ನಷ್ಟು ತಿದ್ದುಪಡಿಯಾಯಿತು. ಸ್ಪೀಕರ್ ಅನುಕರಣೆ ಇರುವ ಪೆಡಲ್‌ಗಳು ನಕಲು ಮಾಡುವುದು ಈ ಮೈಕಿನ ಮೂಲಕ ಬಂದ ಸದ್ದನ್ನು. ಆದ್ದರಿಂದಲೇ ಅವು ಹೆಡ್‌ಫೋನಿನಲ್ಲಿ "ಅರೆ, ಹಾಡಿನಲ್ಲಿ ಇರೋ ಥರಾನೇ ಇದೆ" ಅನ್ನಿಸುತ್ತವೆ, ಕೋಣೆಯಲ್ಲಿ ನಿಜವಾದ ಆಂಪಿನ ಪಕ್ಕ ಇಟ್ಟಾಗ ಸೊರಗಿದಂತೆ ಕಾಣುತ್ತವೆ.

ಆಂಪ್ ಪೆಡಲ್‌ಗೂ ಮಾಮೂಲಿ ಓವರ್‌ಡ್ರೈವ್ ಪೆಡಲ್‌ಗೂ ಏನು ವ್ಯತ್ಯಾಸ?

ಸದ್ದನ್ನು ಸ್ವಲ್ಪ ಒಡೆಯುವಂತೆ ಮಾಡುವ ಓವರ್‌ಡ್ರೈವ್ ಪೆಡಲ್, ತನ್ನ ಆಚೆ ಒಂದು ಆಂಪ್ ಇದೆ ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ಟ್ಯೂಬ್ ಸ್ಕ್ರೀಮರ್ ಥರದ್ದು ಕೆಳಗಿನ ಬೇಸನ್ನು ಕತ್ತರಿಸಿ, ಸುಮಾರು 720 ಹರ್ಟ್ಸ್ ಆಸುಪಾಸಿನ ಮಿಡ್ಡನ್ನು (ಬೇಸ್‌ಗೂ ಚೂಪಾದ ಟ್ರೆಬಲ್‌ಗೂ ನಡುವಿನ ಭಾಗವನ್ನು) ಮುಂದೆ ತಂದು, ಸಿಗ್ನಲ್ಲನ್ನು ಜೋರು ಮಾಡಿ ಆಂಪಿಗೆ ಕೊಡುತ್ತದೆ. ಮಿಕ್ಕ ಕೆಲಸ ಆಂಪಿನದು.

ಆಂಪ್ ಪೆಡಲ್ ಇಡೀ ಸರಣಿಯನ್ನೇ ಅನುಕರಿಸಲು ನೋಡುತ್ತದೆ: ಪ್ರಿಆಂಪ್ (ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಹಂತ), ಟೋನ್ ನಾಬ್‌ಗಳ ಗುಣ, ಪವರ್ ಆಂಪಿನ (ಸ್ಪೀಕರನ್ನು ತಳ್ಳುವ ಹಂತದ) ಒತ್ತಡ, ಕೊನೆಗೆ ಸ್ಪೀಕರ್. ಇವುಗಳಲ್ಲೂ ಎರಡು ಜಾತಿ. ಒಂದು ಜಾತಿಯಲ್ಲಿ ಸ್ಪೀಕರ್ ಅನುಕರಣೆ ಒಳಗೇ ಇರುತ್ತದೆ. ಇನ್ನೊಂದರಲ್ಲಿ ಅದು ಇರುವುದಿಲ್ಲ. 1988ರಲ್ಲಿ ಮಾರ್ಷಲ್ ಕಂಪನಿಯೇ ತಂದ ಗವರ್ನರ್ ಪೆಡಲ್ ಈ ಎರಡನೆಯ ಜಾತಿಗೆ ಸೇರಿದ್ದು: ಮಾರ್ಷಲ್ ಸ್ವಭಾವದ ಡಿಸ್ಟಾರ್ಷನ್ (ಒಡಕು ಸದ್ದು), ಮೂರು ಟೋನ್ ನಾಬ್ ಎಲ್ಲ ಇದೆ, ಆದರೆ ಕೊನೆಗೆ ಗಿಟಾರ್ ಆಂಪಿನ ಸ್ಪೀಕರ್ ಬೇಕೇ ಬೇಕು. ನಿಮ್ಮ ಕೈಯಲ್ಲಿರುವುದು ಯಾವ ಜಾತಿ ಎಂದು ಮೊದಲು ತಿಳಿದುಕೊಳ್ಳಿ.

ಸ್ಪೀಕರ್ ಅನುಕರಣೆ ಅಂದರೇನು? ಅದಕ್ಕೆ ಯಾಕೆ ಇಷ್ಟು ಮಹತ್ವ?

ಗಿಟಾರ್ ಸ್ಪೀಕರ್ ಹಾಡು ಕೇಳುವ ಸ್ಪೀಕರಿನಂತಲ್ಲ. ಸೆಲೆಶನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರಿನ ವ್ಯಾಪ್ತಿ ಸುಮಾರು 75 ಹರ್ಟ್ಸ್‌ನಿಂದ 5,000 ಹರ್ಟ್ಸ್ ವರೆಗೆ. ಅದರ ಮೇಲಿನ ಸದ್ದು ಕಡಿದಾಗಿ ಇಳಿದುಹೋಗುತ್ತದೆ. ಡಿಸ್ಟಾರ್ಷನ್ ಹುಟ್ಟಿಸುವ ಕರ್ಕಶ ಮೇಲ್‌ಸ್ವರಗಳೆಲ್ಲ ಇರುವುದು ಅಲ್ಲೇ, ಐದು ಕಿಲೋಹರ್ಟ್ಸ್ ಮೇಲೆ. ಗಿಟಾರ್ ಸ್ಪೀಕರ್ ಅವನ್ನು ಸೋಸಿ ಹಾಕುತ್ತದೆ.

ಅದೇ ಡಿಸ್ಟಾರ್ಷನ್ನನ್ನು ಕಂಪ್ಯೂಟರ್ ಸ್ಪೀಕರ್ ಅಥವಾ ಹೆಡ್‌ಫೋನಿಗೆ ನೇರವಾಗಿ ಕೊಡಿ. ಇಪ್ಪತ್ತು ಕಿಲೋಹರ್ಟ್ಸ್ ವರೆಗಿನ ಅಷ್ಟೂ ಕಸ ಕಿವಿಗೆ ಬಂದು ಬೀಳುತ್ತದೆ. ಜೇನುನೊಣದ ಗುಂಯ್ ಅಂದರೆ ಇದೇ. ಪೆಡಲ್ ಕೆಟ್ಟದ್ದಾಗಿರಬೇಕಿಲ್ಲ, ಸೋಸುವ ಹಂತವೇ ಅಲ್ಲಿ ಇಲ್ಲ.

ಈ ಸಮಸ್ಯೆಯನ್ನು ಸರಿಯಾಗಿ ಹಿಡಿದವರಲ್ಲಿ ಮುಖ್ಯರು ಆಂಡ್ರ್ಯೂ ಬಾರ್ಟಾ. ನ್ಯೂಯಾರ್ಕಿನ ಟೆಕ್ 21 ಕಂಪನಿಯಿಂದ 1989ರಲ್ಲಿ ಅವರು ತಂದ ಸ್ಯಾನ್ಸ್‌ಆಂಪ್, ಕಂಪ್ಯೂಟರ್ ಚಿಪ್ ಏನೂ ಇಲ್ಲದೆ ಪೂರ್ತಿ ಅನಲಾಗ್ ಸರ್ಕ್ಯೂಟಿನಿಂದಲೇ ಆಂಪ್ ಮತ್ತು ಸ್ಪೀಕರಿನ ಗುಣವನ್ನು ಕೊಟ್ಟಿತು. ಇವತ್ತಿನ ಅಗ್ಗದ ಅನಲಾಗ್ ಆಂಪ್ ಪೆಡಲ್‌ಗಳಲ್ಲಿ ಬಹಳಷ್ಟು ಆ ಕುಟುಂಬದವೇ. ಮೂರೂವರೆ ದಶಕ ಕಳೆದರೂ ಆ ವಿನ್ಯಾಸ ಹಳಸಿಲ್ಲ ಎಂಬುದು ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ.

ಯಾವ ಹಳೇ ಆಂಪಿನ ಸದ್ದು ಹೇಗಿರುತ್ತದೆ? ನನಗೆ ಯಾವುದು ಬೇಕೆಂದೇ ಗೊತ್ತಿಲ್ಲ.

ಪೆಡಲ್ ಪಟ್ಟಿ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ನೂರಾರು ಆಂಪ್‌ಗಳಿದ್ದರೂ ಹೆಚ್ಚಿನವು ಮೂರು ನಾಲ್ಕು ಮನೆತನಗಳಲ್ಲಿ ಸೇರಿಹೋಗುತ್ತವೆ.

ಮೊದಲನೆಯದು 1950ರ ದಶಕದ ಫೆಂಡರ್ ಟ್ವೀಡ್ ಆಂಪ್‌ಗಳು (ಪೆಟ್ಟಿಗೆಗೆ ಹೊದಿಸಿದ ಬಟ್ಟೆಯಿಂದ ಬಂದ ಹೆಸರು). ಇವುಗಳಲ್ಲಿ ಚಿಕ್ಕದಾದ ಡೀಲಕ್ಸ್‌ನಲ್ಲಿ ಎರಡು 6ವಿ6 ವಾಲ್ವ್, ಒಂದು ಹನ್ನೆರಡು ಇಂಚಿನ ಸ್ಪೀಕರ್, ಹದಿನೈದು ವಾಟ್‌ಗಿಂತ ಹೆಚ್ಚಿಲ್ಲದ ಶಕ್ತಿ, ಇಡೀ ಆಂಪಿಗೆ ಒಂದೇ ಒಂದು ಟೋನ್ ನಾಬ್. ಸದ್ದು ಬೇಗ ಒಡೆಯುತ್ತದೆ, ಮಿಡ್ ತುಂಬಿಕೊಂಡಿರುತ್ತದೆ, ಜೋರಾಗಿ ಮೀಟಿದರೆ ಸದ್ದು ಒಂದು ಕ್ಷಣ ಕುಗ್ಗಿ ಮತ್ತೆ ಅರಳುತ್ತದೆ. ನೀಲ್ ಯಂಗ್ ಅವರ ಹರಿದುಹೋಗುವಂಥ ಗಿಟಾರ್ ಸದ್ದಿನ ಹಿಂದೆ ಇರುವುದು ಇದೇ ಆಂಪ್.

1960ರ ದಶಕದ ಫೆಂಡರ್‌ಗಳು, ಅಂದರೆ ಕಪ್ಪು ಮುಖದ ಡೀಲಕ್ಸ್ ರಿವರ್ಬ್, ಟ್ವಿನ್ ರಿವರ್ಬ್, ಇದಕ್ಕೆ ತದ್ವಿರುದ್ಧ. ಮಿಡ್ ಒಳಸರಿದಿದೆ, ಮೇಲೆ ಹೊಳಪಿದೆ, ಕೆಳಗೆ ಗಟ್ಟಿ ಬೇಸ್ ಇದೆ. ಟ್ವಿನ್ 85 ವಾಟ್. ಅದನ್ನು ಒಡೆಯುವಂತೆ ಮಾಡುವ ಹೊತ್ತಿಗೆ ಪಕ್ಕದಲ್ಲಿ ಯಾರೂ ಉಳಿದಿರುವುದಿಲ್ಲ. ಕ್ಲೀನ್, ಅಂದರೆ ಒಡಕಿಲ್ಲದ ಸದ್ದಿಗೆ ಇವೇ ಮಾನದಂಡ.

ಮೂರನೆಯದು ವಾಕ್ಸ್ ಎಸಿ30. ನಾಲ್ಕು ಇಎಲ್84 ವಾಲ್ವ್, ಎರಡು ಹನ್ನೆರಡು ಇಂಚಿನ ಸೆಲೆಶನ್ ಸ್ಪೀಕರ್, ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ಹಿಂದಕ್ಕೆ ಕೊಟ್ಟು ಒಡಕು ತಗ್ಗಿಸುವ ಏರ್ಪಾಡು) ಇಲ್ಲದ ಪವರ್ ಆಂಪ್. ಆ ಕಾರಣಕ್ಕೆ ಕ್ಲೀನ್‌ನಿಂದ ಒಡಕಿಗೆ ದಾಟುವುದು ಗಡಿ ಗೊತ್ತಾಗದಷ್ಟು ನಯವಾಗಿರುತ್ತದೆ, ಮೇಲಿನ ಮಿಡ್‌ನಲ್ಲಿ ಗಂಟೆ ಬಡಿದಂಥ ಝೇಂಕಾರ ಇರುತ್ತದೆ. ಬೀಟಲ್ಸ್, ಕ್ವೀನ್ ತಂಡದ ಬ್ರಿಯಾನ್ ಮೇ ಇವರ ಸದ್ದು ಇದು. ಬ್ರಿಯಾನ್ ಮೇ ಅದರ ಮುಂದೆ ಟ್ರೆಬಲ್ ಬೂಸ್ಟರ್ ಇಟ್ಟು ನುಡಿಸುತ್ತಾರೆ. ಆ ಒಂದು ಬೂಸ್ಟರ್ ಇಲ್ಲದೆ ಅವರ ಸದ್ದು ಹುಡುಕುವುದು ವ್ಯರ್ಥ.

ಕೊನೆಗೆ ಮಾರ್ಷಲ್. 1962ರಲ್ಲಿ ಜಿಮ್ ಮಾರ್ಷಲ್ ಅವರ ತಂಡ ಕಟ್ಟಿದ ಜೆಟಿಎಂ45 ಆಂಪಿನ ಸರ್ಕ್ಯೂಟ್ ಫೆಂಡರ್ ಬಾಸ್‌ಮನ್‌ನಿಂದ ಬಂದದ್ದು. ಅಂದರೆ ಬ್ರಿಟಿಷ್ ಸದ್ದಿನ ಬೇರು ಅಮೆರಿಕದ್ದು. ಮುಂದೆ ಇಎಲ್34 ವಾಲ್ವ್‌ಗಳು, ಗ್ರೀನ್‌ಬ್ಯಾಕ್ ಸ್ಪೀಕರ್‌ಗಳು ಸೇರಿ ಅದು ಬೇರೆಯೇ ಪ್ರಾಣಿಯಾಯಿತು. ಪ್ಲೆಕ್ಸಿ ಎಂದು ಹೆಸರಾದ 100 ವಾಟ್ ಸೂಪರ್ ಲೀಡ್‌ನಲ್ಲಿ ಮಾಸ್ಟರ್ ವಾಲ್ಯೂಮ್ (ಒಡಕನ್ನು ಉಳಿಸಿಕೊಂಡು ಒಟ್ಟು ಸದ್ದನ್ನು ತಗ್ಗಿಸುವ ನಾಬ್) ಇಲ್ಲ. ಒಡಕು ಬೇಕೆಂದರೆ ಪೂರ್ತಿ ಜೋರಾಗಿಯೇ ನುಡಿಸಬೇಕು. 1980ರ ದಶಕದ ಜೆಸಿಎಂ800ರಲ್ಲಿ ಮಾಸ್ಟರ್ ವಾಲ್ಯೂಮ್ ಇದ್ದು, ಡಿಸ್ಟಾರ್ಷನ್ ಪ್ರಿಆಂಪಿನಲ್ಲೇ ಹುಟ್ಟುತ್ತದೆ. ಹಾಗಾಗಿ ಪೆಡಲ್‌ಗಳಿಗೆ ಜೆಸಿಎಂ800ನ್ನು ಅನುಕರಿಸುವುದು ಪ್ಲೆಕ್ಸಿಗಿಂತ ಸುಲಭ.

ನಿಮಗೆ ಇಷ್ಟವಾದ ಮೂರು ಗಿಟಾರ್ ಸದ್ದುಗಳನ್ನು ನೆನೆಸಿಕೊಂಡು ಅವು ಈ ನಾಲ್ಕರಲ್ಲಿ ಎಲ್ಲಿ ಬರುತ್ತವೆ ನೋಡಿ. ಹೆಚ್ಚಿನವರಿಗೆ ಮೂರೂ ಒಂದೇ ಮನೆತನದಲ್ಲಿ ಸಿಗುತ್ತವೆ.

ಸರಿ, ಯಾವ ಪೆಡಲ್ ಕೊಳ್ಳಲಿ?

ಟ್ವೀಡ್ ಫೆಂಡರ್ ಬಯಸುವವರಿಗೆ ನಾನು ಮೊದಲು ಹೇಳುವ ಹೆಸರು ಜೋಯೋ ಕಂಪನಿಯ ಅಮೆರಿಕನ್ ಸೌಂಡ್. '57 ಡೀಲಕ್ಸ್ ಆಂಪಿನ ಸದ್ದಿಗಾಗಿ ಮಾಡಿದ್ದು, ಟೆಕ್ 21ರ ಬ್ಲಾಂಡ್ ಪೆಡಲಿನ ದಾರಿ ಹಿಡಿದದ್ದು. ಲೆವೆಲ್, ಡ್ರೈವ್, ವಾಯ್ಸ್, ಲೋ, ಮಿಡ್, ಹೈ ಎಂಬ ಆರು ನಾಬ್. ಸ್ಪೀಕರ್ ಅನುಕರಣೆ ಒಳಗೇ ಇದೆ. ಅದೇ ಸಾಲಿನಲ್ಲಿ ಮಾರ್ಷಲ್ ಕಡೆಗೆ ಬ್ರಿಟಿಷ್ ಸೌಂಡ್, ವಾಕ್ಸ್ ಕಡೆಗೆ ಎಸಿ ಟೋನ್ ಇವೆ.

ಒಂದೇ ಡಬ್ಬಿಯಲ್ಲಿ ಹಲವು ರುಚಿ ನೋಡಬೇಕು ಎನ್ನುವವರಿಗೆ ಬೆಹ್ರಿಂಗರ್ ಟಿಎಂ300 ಇದೆ. ಇದು ಟೆಕ್ 21ರ ಜಿಟಿ2 ಪೆಡಲನ್ನು ಅನುಸರಿಸಿದ್ದು: ಮೂರು ಬಗೆಯ ಆಂಪ್, ಮೂರು ಬಗೆಯ ಗೇನ್ (ಒಡಕಿನ ಪ್ರಮಾಣ), ಮೂರು ಬಗೆಯ ಮೈಕ್ ಜಾಗ, ಎಲ್ಲಕ್ಕೂ ಪುಟ್ಟ ಸ್ವಿಚ್‌ಗಳು. ಮೈಪೂರ್ತಿ ಪ್ಲಾಸ್ಟಿಕ್. ಮೇಜಿನ ಮೇಲೆ ಇಟ್ಟು ರೆಕಾರ್ಡ್ ಮಾಡುವವರಿಗೆ ಅಡ್ಡಿಯಿಲ್ಲ. ವಾರವಾರ ವೇದಿಕೆಯ ಮೇಲೆ ಬೂಟುಗಾಲಿನಲ್ಲಿ ತುಳಿಯುವವರು ಲೋಹದ ಡಬ್ಬಿಯದ್ದನ್ನೇ ನೋಡಿ.

ಹೆಸರಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಟೋನ್ ನಾಬ್‌ಗಳನ್ನು. ಮಿಡ್ ನಾಬ್ ಇಲ್ಲದ ಆಂಪ್ ಪೆಡಲ್ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಈ ಮನೆತನಗಳ ನಡುವಿನ ವ್ಯತ್ಯಾಸದ ಬಹುಭಾಗ ಅಡಗಿರುವುದೇ ಮಿಡ್‌ನಲ್ಲಿ.

ಅನಲಾಗ್ ಒಳ್ಳೆಯದೋ, ಡಿಜಿಟಲ್ಲೋ?

ಕ್ಲೀನ್‌ಗೂ ಒಡಕಿಗೂ ನಡುವಿನ ಸದ್ದಿನಲ್ಲಿ ಅಗ್ಗದ ಅನಲಾಗ್ ಪೆಡಲ್ ಅಗ್ಗದ ಡಿಜಿಟಲ್ಲಿಗಿಂತ ಬೆರಳಿಗೆ ಹೆಚ್ಚು ಓಗೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಸ್ಪೀಕರಿನ ಅನುಕರಣೆಯಲ್ಲಿ ಮಾತ್ರ ಡಿಜಿಟಲ್ಲೇ ಮುಂದು. ಎರಡನ್ನೂ ಸೇರಿಸಿಕೊಂಡರೆ, ಅಂದರೆ ಅನಲಾಗ್ ಪೆಡಲ್ ಮೊದಲು, ಡಿಜಿಟಲ್ ಸ್ಪೀಕರ್ ಅನುಕರಣೆ ಆಮೇಲೆ, ಬಹಳ ಒಳ್ಳೆಯ ಫಲಿತಾಂಶ ಸಿಗುತ್ತದೆ.

ಒಂಬತ್ತು ವೋಲ್ಟಿನ ಡಬ್ಬಿ ನೂರಾರು ವೋಲ್ಟಿನ ವಾಲ್ವನ್ನು ಹೇಗೆ ಅನುಕರಿಸುತ್ತದೆ?

ವಾಲ್ವ್ ಒಮ್ಮೆಲೇ ಒಡೆಯುವುದಿಲ್ಲ. ಸಿಗ್ನಲ್ ದೊಡ್ಡದಾದ ಹಾಗೆ ಅಲೆಯ ಒಂದು ಬದಿ ಮೊದಲು ಚಪ್ಪಟೆಯಾಗುತ್ತದೆ, ಇನ್ನೊಂದು ಬದಿ ಆಮೇಲೆ. ಈ ಅಸಮಾನತೆಯಿಂದ ಸಮಸಂಖ್ಯೆಯ ಮೇಲ್‌ಸ್ವರಗಳು ಹುಟ್ಟುತ್ತವೆ. ಎರಡನೆಯ ಮೇಲ್‌ಸ್ವರ ಅಂದರೆ ಮೂಲ ಸ್ವರದ ತಾರ ಸ್ಥಾಯಿಯೇ, ಹಾಗಾಗಿ ಕಿವಿಗೆ ಅದು ಒಡಕು ಅನ್ನಿಸದೆ ತುಂಬಿದಂತೆ ಅನ್ನಿಸುತ್ತದೆ. ಪೆಡಲಿನಲ್ಲಿ ಆಪ್‌ಆಂಪ್, ಫೆಟ್ ಅಥವಾ ಡಯೋಡ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಬೇಕೆಂದೇ ಅಸಮವಾಗಿ ಜೋಡಿಸಿ, ಒಂದೇ ಹಂತದಲ್ಲಿ ಒಡೆಯುವ ಬದಲು ಎರಡು ಮೂರು ಹಂತಗಳಲ್ಲಿ ಸ್ವಲ್ಪ ಸ್ವಲ್ಪವೇ ಒಡೆಯುವಂತೆ ಮಾಡುತ್ತಾರೆ. ನಡುನಡುವೆ ಸೋಸುವಿಕೆ: ಮೊದಲು ಬೇಸ್ ಕತ್ತರಿಸಿ, ಒಡೆದ ಮೇಲೆ ಮೇಲ್ಭಾಗ ಕತ್ತರಿಸುವುದು.

ಅನುಕರಿಸಲು ನಿಜಕ್ಕೂ ಕಷ್ಟವಾದದ್ದು ಪವರ್ ಆಂಪ್. ಟ್ವೀಡ್ ಡೀಲಕ್ಸ್‌ನಲ್ಲಿ ವಿದ್ಯುತ್ತನ್ನು ನೇರಗೊಳಿಸುವುದೂ ಒಂದು ವಾಲ್ವೇ, 5ವೈ3. ಜೋರಾಗಿ ಮೀಟಿದಾಗ ಅದು ಕೇಳಿದಷ್ಟು ಕರೆಂಟನ್ನು ತಕ್ಷಣ ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ, ಮತ್ತೆ ಏರುತ್ತದೆ. ಮೇಲೆ ಹೇಳಿದ ಕುಗ್ಗಿ ಅರಳುವ ಗುಣ ಇದರದ್ದು. ಅಗ್ಗದ ಪೆಡಲ್‌ನಲ್ಲಿ ಇದು ಇರುವುದಿಲ್ಲ. ಅದರ ಮುಂಚೆ ಒಂದು ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸಿ ಸಮ ಮಾಡುವ ಪೆಡಲ್) ಹಾಕಿ ತೀರಾ ಹಗುರವಾಗಿ ಒತ್ತಿದರೆ ಹತ್ತಿರ ಹೋಗಬಹುದು.

ಪೆಡಲನ್ನು ಯಾವುದಕ್ಕೆ ಜೋಡಿಸಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ.

ಸ್ಪೀಕರ್ ಅನುಕರಣೆ ಇರುವ ಪೆಡಲ್ಲಿಗೆ ತನ್ನದೇ ಬಣ್ಣ ಇಲ್ಲದ ಜಾಗ ಬೇಕು: ಆಡಿಯೋ ಇಂಟರ್‌ಫೇಸ್ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಮಿಕ್ಸರ್, ಸ್ಟುಡಿಯೋ ಮಾನಿಟರ್, ಕೀಬೋರ್ಡ್ ಆಂಪ್, ಸಭಾಂಗಣದ ಧ್ವನಿವರ್ಧಕ ವ್ಯವಸ್ಥೆ. ಅಲ್ಲಿ ಅದು ಮಾಡಿದವರು ಉದ್ದೇಶಿಸಿದ ಹಾಗೆಯೇ ಕೇಳುತ್ತದೆ.

ಇಂಟರ್‌ಫೇಸ್‌ಗೆ ಹಾಕುವಾಗ ಲೈನ್ ಇನ್‌ಪುಟ್ ಸಾಕು. ಗಿಟಾರಿಗೆ ಒಂದು ಮೆಗಾಓಮ್ ಆಸುಪಾಸಿನ ಇನ್‌ಪುಟ್ ಬೇಕಾಗುತ್ತದೆ, ಆದರೆ ಗಿಟಾರ್ ಈಗ ಹೋಗುತ್ತಿರುವುದು ಪೆಡಲಿಗೆ, ಪೆಡಲಿನ ಔಟ್‌ಪುಟ್ಟಿಗೆ ಆ ನಾಜೂಕು ಇಲ್ಲ. ವಾದ್ಯದ ಇನ್‌ಪುಟ್ಟಿಗೆ ಹಾಕಿದರೂ ನಡೆಯುತ್ತದೆ, ಆದರೆ ಪೆಡಲಿನ ಲೆವೆಲ್ ತಗ್ಗಿಸಿ. ಇಂಟರ್‌ಫೇಸಿನ ಕೆಂಪು ದೀಪ ಹತ್ತಿದರೆ ಸೇರಿಕೊಳ್ಳುವ ಡಿಜಿಟಲ್ ಒಡಕನ್ನು ಆಮೇಲೆ ತೆಗೆಯಲು ಬರುವುದಿಲ್ಲ. ವೇದಿಕೆಯ ಮೇಲೆ ಮಿಕ್ಸರ್ ದೂರವಿದ್ದರೆ ನಡುವೆ ಡಿಐ ಬಾಕ್ಸ್ (ಉದ್ದ ಕೇಬಲ್ಲಿನಲ್ಲೂ ಗುಂಯ್ ಸೇರದಂತೆ ಸಿಗ್ನಲ್ಲನ್ನು ಬದಲಿಸಿ ಕಳಿಸುವ ಡಬ್ಬಿ) ಇರಲಿ. ಮಾಮೂಲಿ ಗಿಟಾರ್ ಕೇಬಲ್ ಉದ್ದವಾದಷ್ಟೂ ದಾರಿಯುದ್ದಕ್ಕೂ ಗುಂಯ್ ಸದ್ದನ್ನು ಎಳೆದುಕೊಳ್ಳುತ್ತದೆ.

ಸ್ಪೀಕರ್ ಅನುಕರಣೆ ಇಲ್ಲದ ಪೆಡಲ್ಲಿಗೆ ಇದೆಲ್ಲ ತಲೆಕೆಳಗು. ಅದಕ್ಕೆ ಗಿಟಾರ್ ಆಂಪೇ ಸರಿ. ಕ್ಲೀನ್ ಚಾನೆಲ್‌ನ ಇನ್‌ಪುಟ್ಟಿಗೆ ಹಾಕಬಹುದು. ಆಂಪಿನ ಹಿಂದೆ ಎಫೆಕ್ಟ್ಸ್ ರಿಟರ್ನ್ ಎಂಬ ತೂತಿದ್ದರೆ ಅದಕ್ಕೆ ಹಾಕಿ ನೋಡಿ: ಆಂಪಿನ ಸ್ವಂತ ಪ್ರಿಆಂಪ್, ಟೋನ್ ನಾಬ್ ಎಲ್ಲವನ್ನೂ ದಾಟಿ ಸಿಗ್ನಲ್ ನೇರ ಪವರ್ ಆಂಪಿಗೆ ಹೋಗುತ್ತದೆ, ಪೆಡಲಿನ ಗುಣ ಶುದ್ಧವಾಗಿ ಕೇಳುತ್ತದೆ. ಹೀಗೆ ಜೋಡಿಸುವಾಗ ಪೆಡಲಿನ ಲೆವೆಲ್ ಸೊನ್ನೆಯಲ್ಲಿಟ್ಟು ಶುರು ಮಾಡಿ. ಬಹಳ ಆಂಪ್‌ಗಳಲ್ಲಿ ಆಗ ವಾಲ್ಯೂಮ್ ನಿಯಂತ್ರಣ ಪೆಡಲಿನ ಕೈಯಲ್ಲಷ್ಟೇ ಉಳಿದಿರುತ್ತದೆ.

ನನ್ನ ಗಿಟಾರ್ ಆಂಪಿಗೆ ಹಾಕಿದರೆ ಸದ್ದು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಯಾಕೆ?

ಸೋಸುವಿಕೆ ಎರಡು ಸಲ ಆಗುತ್ತಿದೆ. ಪೆಡಲ್ ಒಳಗೆ ಒಮ್ಮೆ, ನಿಮ್ಮ ಆಂಪಿನ ಸ್ಪೀಕರಿನಲ್ಲಿ ಮತ್ತೊಮ್ಮೆ.

ಸ್ಪೀಕರ್ ಅನುಕರಣೆಯನ್ನು ಆಫ್ ಮಾಡುವ ಸ್ವಿಚ್ ಇದ್ದರೆ ಆಫ್ ಮಾಡಿ, ಅಲ್ಲಿಗೆ ಮುಗಿಯಿತು. ಅಮೆರಿಕನ್ ಸೌಂಡ್ ಥರದವುಗಳಲ್ಲಿ ಆ ಸ್ವಿಚ್ ಇಲ್ಲ. ಆಗ ಆಂಪಿನ ಟೋನ್ ನಾಬ್‌ಗಳಿಂದ ಸರಿದೂಗಿಸಬೇಕು. ಫೆಂಡರ್ ಮಾದರಿಯ ಆಂಪ್‌ನಲ್ಲಿ ಮೂರೂ ನಾಬ್ ನಡುವಿನಲ್ಲಿದ್ದರೆ ಅದು ಸಮತಟ್ಟು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಆ ಸರ್ಕ್ಯೂಟ್ ನಡುವಿನಲ್ಲೇ ಇದ್ದಾಗಲೂ ಮಿಡ್ಡನ್ನು ಚೆನ್ನಾಗಿ ತಗ್ಗಿಸಿರುತ್ತದೆ. ಮಿಡ್ ಪೂರ್ತಿ ಏರಿಸಿ, ಬೇಸ್ ಮತ್ತು ಟ್ರೆಬಲ್ ಪೂರ್ತಿ ಇಳಿಸಿದಾಗಲೇ ಸಮತಟ್ಟಿನ ಹತ್ತಿರ ಬರುವುದು. ಅಲ್ಲಿಂದ ಶುರು ಮಾಡಿ, ಹೊಳಪು ಬರುವವರೆಗೆ ಟ್ರೆಬಲ್ಲನ್ನು ಮಾತ್ರ ನಿಧಾನಕ್ಕೆ ಏರಿಸುತ್ತ ಬನ್ನಿ. ಬ್ರೈಟ್ ಸ್ವಿಚ್ ಇದ್ದರೆ ಹಾಕಿ.

ನಾಬ್‌ಗಳನ್ನು ಎಲ್ಲಿಂದ ಶುರು ಮಾಡಲಿ?

ಅಮೆರಿಕನ್ ಸೌಂಡ್ ಥರದ ಆರು ನಾಬಿನ ಪೆಡಲನ್ನು ಹೆಡ್‌ಫೋನ್ ಹಾಕಿದ ಇಂಟರ್‌ಫೇಸಿಗೆ ಜೋಡಿಸಿದ್ದೀರಿ ಎಂದುಕೊಳ್ಳೋಣ. ಗಿಟಾರ್ ವಾಲ್ಯೂಮ್ ಪೂರ್ತಿ. ಲೋ, ಮಿಡ್, ಹೈ ಮೂರೂ ಗಡಿಯಾರದ ಹನ್ನೆರಡಕ್ಕೆ. ವಾಯ್ಸ್ ಪೂರ್ತಿ ಎಡಕ್ಕೆ. ಡ್ರೈವ್ ಒಂಬತ್ತಕ್ಕೆ. ಈಗ ಒಂದು ಇ ಮೇಜರ್ ಕಾರ್ಡನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಮೀಟಿ. ಮೆಲ್ಲಗೆ ಮೀಟಿದಾಗ ಆರೂ ತಂತಿ ಬೇರೆಬೇರೆಯಾಗಿ ಕೇಳಬೇಕು, ಜೋರಾಗಿ ಮೀಟಿದಾಗ ಅಂಚಿನಲ್ಲಿ ಒರಟು ಒಡಕು ಬರಬೇಕು. ಬರದಿದ್ದರೆ ಡ್ರೈವನ್ನು ಕೂದಲೆಳೆಯಷ್ಟು ಏರಿಸಿ ಮತ್ತೆ ಮೀಟಿ. ಆ ಗಡಿ ಸಿಕ್ಕಿದ ಮೇಲೆ ಬಿಟ್ಟುಬಿಡಿ.

ಈಗ ವಾಯ್ಸ್. ಬಲಕ್ಕೆ ತಿರುಗಿಸುತ್ತ ಹೋದಂತೆ ಮೇಲಿನ ಮಿಡ್ ಮೊನಚಾಗುತ್ತದೆ, ಒಡಕೂ ಹೆಚ್ಚಿದಂತೆ ಕೇಳುತ್ತದೆ. ವಾಯ್ಸ್ ಏರಿಸಿದಷ್ಟೂ ಡ್ರೈವ್ ಇಳಿಸಬೇಕಾಗುತ್ತದೆ, ಈ ಎರಡು ನಾಬ್‌ಗಳನ್ನು ಜೋಡಿಯಾಗಿಯೇ ನೋಡಿ. ಹೊಸಬರು ವಾಯ್ಸನ್ನು ನಡುವಿನಲ್ಲಿಟ್ಟು ಡ್ರೈವನ್ನು ಅರ್ಧಕ್ಕೆ ಏರಿಸಿ, ಟ್ವೀಡ್ ಆಂಪಿನ ಬದಲು ಮರಳು ಉಜ್ಜಿದ ಸದ್ದು ಕೇಳಿ ಬೇಸರಪಡುತ್ತಾರೆ.

ಟೋನ್ ನಾಬ್‌ಗಳಲ್ಲಿ ಮೊದಲು ಮುಟ್ಟಬೇಕಾದದ್ದು ಲೋ. ಸಿಂಗಲ್ ಕಾಯಿಲ್ (ತಂತಿಯ ಕಂಪನ ಹಿಡಿಯುವ ಪಿಕಪ್‌ನಲ್ಲಿ ಒಂದೇ ಸುರುಳಿ ಇರುವ) ಗಿಟಾರಿಗೆ ಇದ್ದಲ್ಲೇ ಇರಲಿ. ಹಂಬಕರ್‌ಗೆ (ಎರಡು ಸುರುಳಿಯ ಪಿಕಪ್‌ಗೆ) ಹತ್ತಕ್ಕೆ ಇಳಿಸಿ, ಇಲ್ಲದಿದ್ದರೆ ಮಂದ್ರದ ತಂತಿಗಳು ಕೆಸರಾಗುತ್ತವೆ. ಟ್ವೀಡ್ ಬೇಕೆಂದರೆ ಮಿಡ್ ಒಂದಕ್ಕೋ ಎರಡಕ್ಕೋ ಏರಿಸಿ. 60ರ ದಶಕದ ಕಪ್ಪು ಮುಖದ ಫೆಂಡರ್ ಬೇಕೆಂದರೆ ಮಿಡ್ ಹತ್ತಕ್ಕೆ ಇಳಿಸಿ ಹೈ ಒಂದಕ್ಕೆ ಏರಿಸಿ, ಡ್ರೈವ್ ಕನಿಷ್ಠ.

ಕೊನೆಗೆ ಲೆವೆಲ್. ಪೆಡಲ್ ಆನ್ ಆದಾಗಲೂ ಆಫ್ ಆದಾಗಲೂ ಸದ್ದಿನ ಮಟ್ಟ ಒಂದೇ ಇರುವಂತೆ ಹೊಂದಿಸಿ. ಸ್ವಲ್ಪ ಜೋರಾದದ್ದೆಲ್ಲ ಕಿವಿಗೆ "ಚೆನ್ನಾಗಿದೆ" ಅನ್ನಿಸುತ್ತದೆ. ಮಟ್ಟ ಸಮ ಮಾಡದೆ ಎರಡು ಸೆಟ್ಟಿಂಗ್ ಹೋಲಿಸಿದರೆ ಪ್ರತಿ ಸಲವೂ ಜೋರಾದದ್ದೇ ಗೆಲ್ಲುತ್ತದೆ.

ಕ್ಲೀನ್‌ಗೂ ಒಡಕಿಗೂ ಎರಡು ಪೆಡಲ್ ಬೇಕೇ?

ಬೇಡ. ಗಿಟಾರಿನ ವಾಲ್ಯೂಮ್ ನಾಬ್ ಇದೆಯಲ್ಲ.

ಹಳೇ ಟ್ವೀಡ್, ಪ್ಲೆಕ್ಸಿ ಆಂಪ್‌ಗಳಲ್ಲಿ ಚಾನೆಲ್ ಬದಲಿಸುವ ಸ್ವಿಚ್ಚೇ ಇರಲಿಲ್ಲ. ಆಂಪನ್ನು ಒಡಕಿನಲ್ಲೇ ಇಟ್ಟು, ಗಿಟಾರ್ ವಾಲ್ಯೂಮನ್ನು ಆರೇಳಕ್ಕೆ ಇಳಿಸಿ ಹಾಡಿನ ಭಾಗ ನುಡಿಸಿ, ಸೋಲೋ ಬಂದಾಗ ಪೂರ್ತಿ ಏರಿಸುತ್ತಿದ್ದರು. ಒಳ್ಳೆಯ ಆಂಪ್ ಪೆಡಲ್ ಇದಕ್ಕೆ ಚೆನ್ನಾಗಿ ಓಗೊಡುತ್ತದೆ. ನನ್ನ ಮಟ್ಟಿಗೆ ಪೆಡಲಿನ ಗುಣ ಅಳೆಯುವ ಪರೀಕ್ಷೆಯೇ ಇದು. ವಾಲ್ಯೂಮ್ ಇಳಿಸಿದಾಗ ಒಡಕು ಹಾಗೇ ಉಳಿದು ಸದ್ದು ಮಾತ್ರ ಸಣ್ಣದಾದರೆ ಆ ಪೆಡಲ್ ಆಂಪಿನಂತೆ ನಡೆದುಕೊಳ್ಳುತ್ತಿಲ್ಲ. ವಾಲ್ಯೂಮ್ ಇಳಿಸಿದಾಗ ಹೊಳಪೂ ಹೋಗುತ್ತದೆ ಎಂದಾದರೆ ಗಿಟಾರಿನ ಒಳಗೆ ಟ್ರೆಬಲ್ ಬ್ಲೀಡ್ ಎಂಬ ಪುಟ್ಟ ಕೆಪಾಸಿಟರ್ ಹಾಕಿಸಿ, ಬೆಸುಗೆ ಬಲ್ಲವರಿಗೆ ಅದು ಸಣ್ಣ ಕೆಲಸ.

ಬೇರೆ ಪೆಡಲ್‌ಗಳ ಜೊತೆ ಇದರ ಜಾಗ ಎಲ್ಲಿ?

ಇದನ್ನು ಆಂಪ್ ಎಂದೇ ಭಾವಿಸಿ. ವಾ, ಕಂಪ್ರೆಸರ್, ಫಝ್, ಓವರ್‌ಡ್ರೈವ್ ಇದರ ಮುಂಚೆ, ಡಿಲೇ ಮತ್ತು ರಿವರ್ಬ್ ಇದರ ಆಮೇಲೆ. ಡಿಲೇ ಮುಂಚೆ ಬಂದರೆ ಪ್ರತಿಧ್ವನಿಗಳೂ ಒಡೆದು ಒಂದರ ಮೇಲೊಂದು ಕಲಸಿಕೊಳ್ಳುತ್ತವೆ. ಮಾರ್ಷಲ್ ಮಾದರಿಯ ಪೆಡಲ್ಲಿನ ಮುಂದೆ ಟ್ಯೂಬ್ ಸ್ಕ್ರೀಮರನ್ನು ಡ್ರೈವ್ ಸೊನ್ನೆ, ಲೆವೆಲ್ ಜೋರು ಇಟ್ಟು ಒಮ್ಮೆ ನುಡಿಸಿ ನೋಡಿ. ಬೇಸ್ ಬಿಗಿಯಾಗಿ, ಸೋಲೋಗಳು ಮುಂದೆ ಬರುತ್ತವೆ.

ಹೆಡ್‌ಫೋನನ್ನು ಪೆಡಲಿಗೇ ಹಾಕಬಹುದೇ?

ಹೆಡ್‌ಫೋನ್ ಔಟ್ ಎಂದು ಬೇರೆ ಕೊಟ್ಟಿದ್ದರೆ ಮಾತ್ರ. ಮಾಮೂಲಿ ಔಟ್‌ಪುಟ್ ಮೋನೋ, ಹೆಡ್‌ಫೋನ್ ತಳ್ಳುವಷ್ಟು ಶಕ್ತಿಯೂ ಅದಕ್ಕಿಲ್ಲ. ಒಂದೇ ಕಿವಿಯಲ್ಲಿ ಕ್ಷೀಣವಾಗಿ ಏನೋ ಕೇಳುತ್ತದೆ ಅಷ್ಟೆ. ನಡುವೆ ಇಂಟರ್‌ಫೇಸೋ ಪುಟ್ಟ ಮಿಕ್ಸರೋ ಹೆಡ್‌ಫೋನ್ ಆಂಪೋ ಬೇಕು.

ಐಆರ್ ಬಳಸಬೇಕೇ?

ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವರು ಖಂಡಿತ ಬಳಸಿ ನೋಡಿ. ಇಂಪಲ್ಸ್ ರೆಸ್ಪಾನ್ಸ್ (ಐಆರ್) ಅಂದರೆ ನಿಜವಾದ ಸ್ಪೀಕರ್, ಮೈಕ್ ಎರಡರ ಸೋಸುವ ಗುಣವನ್ನು ಹಿಡಿದಿಟ್ಟ ಪುಟ್ಟ ಆಡಿಯೋ ಫೈಲ್. ಅದನ್ನು ಓದುವ ಉಚಿತ ಪ್ಲಗಿನ್‌ಗಳೂ, ಉಚಿತ ಐಆರ್‌ಗಳೂ ಧಾರಾಳವಾಗಿ ಸಿಗುತ್ತವೆ.

ಗವರ್ನರ್ ಥರದ ಪೆಡಲ್, ಅಥವಾ ಸ್ಪೀಕರ್ ಅನುಕರಣೆಯನ್ನು ಆಫ್ ಮಾಡಬಹುದಾದ ಪೆಡಲ್ ಇದ್ದರೆ ಐಆರ್ ಜೊತೆಗೆ ಅದರ ಸದ್ದು ಬೇರೆಯೇ ಮಟ್ಟಕ್ಕೆ ಏರುತ್ತದೆ. ಒಳಗೇ ಅನುಕರಣೆ ಇರುವ ಪೆಡಲ್ಲಿಗೆ ಮತ್ತೆ ಐಆರ್ ಹಾಕಿದರೆ ಮೇಲೆ ಹೇಳಿದ ಅದೇ ಮಂಕು. ವಾಕ್ಸ್ ಪೆಡಲ್ಲಿಗೆ ಸೆಲೆಶನ್ ಬ್ಲೂ ಸ್ಪೀಕರಿನ ಐಆರ್, ಮಾರ್ಷಲ್ ಪೆಡಲ್ಲಿಗೆ ನಾಲ್ಕು ಗ್ರೀನ್‌ಬ್ಯಾಕ್‌ಗಳ ಪೆಟ್ಟಿಗೆಯ ಐಆರ್ ಹಾಕಿ ನೋಡಿ. ಐಆರ್ ಬದಲಿಸಿದಾಗ ಆಗುವ ಬದಲಾವಣೆ ಪೆಡಲನ್ನೇ ಬದಲಿಸಿದ್ದಕ್ಕಿಂತ ದೊಡ್ಡದಾಗಿರುವುದು ಅಪರೂಪವೇನಲ್ಲ. ಆದ್ದರಿಂದ ಹೊಸ ಪೆಡಲ್ ಕೊಳ್ಳಬೇಕು ಅನ್ನಿಸಿದಾಗ ಮೊದಲು ಐಆರ್ ಬದಲಿಸಿ ನೋಡಿ.

ಪೆಡಲ್ ಗುಂಯ್‌ಗುಡುತ್ತದೆ. ಕೆಟ್ಟಿದೆಯೇ?

ಹೆಚ್ಚಿನ ಸಲ ತಪ್ಪು ವಿದ್ಯುತ್ತಿನದ್ದು. ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿ ನೋಡಿ, ಸದ್ದು ನಿಂತರೆ ಅಡಾಪ್ಟರನ್ನು ಬದಲಿಸಿ. ಒಂದೇ ಅಡಾಪ್ಟರಿನಿಂದ ಡಿಜಿಟಲ್ ಪೆಡಲ್, ಅನಲಾಗ್ ಪೆಡಲ್ ಎರಡಕ್ಕೂ ತಂತಿ ಎಳೆದಿದ್ದರೆ ಡಿಜಿಟಲ್ಲಿನ ಸಿಳ್ಳು ಅನಲಾಗ್‌ಗೆ ಹರಿದು ಬರುತ್ತದೆ. ಪ್ರತ್ಯೇಕ, ಐಸೊಲೇಟೆಡ್ ಔಟ್‌ಪುಟ್‌ಗಳಿರುವ ಪವರ್ ಸಪ್ಲೈ ಇದಕ್ಕೆ ಶಾಶ್ವತ ಪರಿಹಾರ. ಬ್ಯಾಟರಿಯಲ್ಲೂ ಗುಂಯ್ ಇದ್ದು, ನೀವು ತಿರುಗಿ ಕುಳಿತಾಗ ಅದು ಹೆಚ್ಚುಕಡಿಮೆಯಾದರೆ ಪೆಡಲಿನದ್ದಲ್ಲ, ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್‌ನದ್ದು.

ಅಡಾಪ್ಟರ್ ಕೊಳ್ಳುವಾಗ ಪಿನ್ನಿನ ನಡುಭಾಗ ನೆಗೆಟಿವ್ ಇದೆಯೇ ನೋಡಿ. ಗಿಟಾರ್ ಪೆಡಲ್‌ಗಳಲ್ಲಿ ಅದೇ ರೂಢಿ, ಮನೆಯ ಬೇರೆ ಉಪಕರಣಗಳಲ್ಲಿ ಸಾಮಾನ್ಯವಾಗಿ ಅದರ ಉಲ್ಟಾ.

18 ವೋಲ್ಟ್ ಕೊಟ್ಟರೆ ಇನ್ನೂ ಚೆನ್ನಾಗಿ ಕೇಳುತ್ತದಂತೆ, ಹೌದೇ?

ಕೈಪಿಡಿಯಲ್ಲಿ 18 ವೋಲ್ಟ್ ಎಂದು ಬರೆದಿದ್ದರೆ ಕೊಡಿ, ಒಡೆಯುವ ಮುಂಚಿನ ಅವಕಾಶ ಸ್ವಲ್ಪ ಹೆಚ್ಚುತ್ತದೆ. ಬರೆದಿಲ್ಲದಿದ್ದರೆ ಕೊಡಬೇಡಿ. ಒಳಗಿನ ಕೆಪಾಸಿಟರೋ ಚಿಪ್ಪೋ ಸುಟ್ಟುಹೋಗಬಹುದು.

ವಾಲ್ವ್ ಆಂಪಿನ ಸ್ಪೀಕರ್ ಔಟನ್ನು ಪೆಡಲಿಗೆ ಹಾಕಿ ರೆಕಾರ್ಡ್ ಮಾಡಬಹುದೇ?

ಯಾವ ಕಾರಣಕ್ಕೂ ಬೇಡ. ಆ ತೂತಿನಿಂದ ಬರುವುದು ಸ್ಪೀಕರ್ ಅಲುಗಿಸುವಷ್ಟು ಶಕ್ತಿ. ಪೆಡಲ್ ಆ ಕ್ಷಣವೇ ಹಾಳಾಗುತ್ತದೆ. ಜೊತೆಗೆ ಸ್ಪೀಕರ್ ಅಥವಾ ಸರಿಯಾದ ಲೋಡ್ (ಸ್ಪೀಕರಿನ ಬದಲು ಆ ಶಕ್ತಿಯನ್ನು ಹೀರುವ ಸಾಧನ) ಇಲ್ಲದೆ ವಾಲ್ವ್ ಆಂಪ್ ನಡೆಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಆ ಕೆಲಸಕ್ಕೆ ಲೋಡ್ ಬಾಕ್ಸ್ ಎಂಬ ಬೇರೆ ಸಾಧನವಿದೆ.

ಒಬ್ಬನೇ ನುಡಿಸುವಾಗ ಅದ್ಭುತ, ಬ್ಯಾಂಡಿನ ಜೊತೆ ಗಿಟಾರ್ ಕೇಳುವುದೇ ಇಲ್ಲ. ಏನು ಮಾಡಲಿ?

ಕಡಿಮೆ ಮಟ್ಟದ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ಮೇಲ್ತುದಿಯ ಟ್ರೆಬಲ್ ಕಡಿಮೆ ಕೇಳುತ್ತವೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಲೋ, ಹೈ ಏರಿಸಿ ಮಿಡ್ ಇಳಿಸುತ್ತಾರೆ. ಅದೇ ಸೆಟ್ಟಿಂಗ್ ವೇದಿಕೆಗೆ ಹೋದಾಗ ಬೇಸ್ ಗಿಟಾರ್ ನಿಮ್ಮ ಲೋವನ್ನೂ, ಸಿಂಬಲ್‌ಗಳು ನಿಮ್ಮ ಹೈಯನ್ನೂ ಮುಚ್ಚುತ್ತವೆ. ಉಳಿಯಬೇಕಾದ ಮಿಡ್ಡನ್ನು ನೀವೇ ತೆಗೆದಿದ್ದೀರಿ. ಬ್ಯಾಂಡಿಗೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳಿ: ಮಿಡ್ ಮೇಲೆ, ಲೋ ಕೆಳಗೆ, ಡ್ರೈವ್ ನಿಮಗೆ ಬೇಕೆನಿಸುವುದಕ್ಕಿಂತ ಕಡಿಮೆ. ಒಬ್ಬರೇ ನುಡಿಸಿದಾಗ ಅದು ಮೂಗಿನಿಂದ ಹೊರಟ ಸದ್ದಿನಂತೆ ಇರುತ್ತದೆ, ಇರಲಿ ಬಿಡಿ.

ಬೇಸ್ ಗಿಟಾರಿಗೆ ಬಳಸಬಹುದೇ?

ಹಾಳಂತೂ ಆಗುವುದಿಲ್ಲ. ಗಿಟಾರಿನ ಆಂಪ್ ಪೆಡಲ್‌ಗಳು ಕೆಳಗಿನ ಬೇಸ್ ಕತ್ತರಿಸುವುದರಿಂದ ಸದ್ದು ಬಡವಾಗುತ್ತದೆ. ಕ್ಲೀನ್ ಸಿಗ್ನಲ್ಲನ್ನು ಬೇರೆ ದಾರಿಯಲ್ಲಿ ತೆಗೆದು ಬೆರೆಸಿದರೆ ಚೆನ್ನ.

ಹಾಗಾದರೆ ನಿಜವಾದ ಆಂಪ್ ಯಾವಾಗ ಬೇಕೇ ಬೇಕು?

ಸ್ಪೀಕರಿನ ಗಾಳಿ ತಂತಿಯನ್ನು ಮತ್ತೆ ಅಲುಗಿಸಿ ಸ್ವರ ತಾನಾಗಿಯೇ ಉಳಿದುಕೊಳ್ಳುವ ಫೀಡ್‌ಬ್ಯಾಕ್ ನಿಮ್ಮ ಸಂಗೀತದ ಭಾಗವಾಗಿದ್ದರೆ ಬೇಕು. ಪಕ್ಕದಲ್ಲಿ ಡ್ರಮ್ಸ್ ಇದ್ದು, ಧ್ವನಿವರ್ಧಕ ವ್ಯವಸ್ಥೆ ಇಲ್ಲದ ಕೋಣೆಯಲ್ಲಿ ನುಡಿಸುವುದಾದರೆ ಬೇಕು. ಅಂಥ ಕಡೆ ಹದಿನೈದು ವಾಟಿನ ಸಣ್ಣ ವಾಲ್ವ್ ಆಂಪ್ ಸಾಕು. ಮೂವತ್ತು ವಾಟ್ ಅಂದರೆ ಅದರ ಎರಡರಷ್ಟು ಜೋರು ಎಂದಲ್ಲ, ಮೂರು ಡೆಸಿಬೆಲ್ ಹೆಚ್ಚು ಅಷ್ಟೇ.

ಮನೆಯಲ್ಲಿ ಅಭ್ಯಾಸ, ರೆಕಾರ್ಡಿಂಗ್, ಧ್ವನಿವರ್ಧಕ ವ್ಯವಸ್ಥೆ ಇರುವ ವೇದಿಕೆ, ಈ ಮೂರಕ್ಕೆ ಪೆಡಲ್ ಸಾಕು. ವೇದಿಕೆಗೆ ಹೋಗುವಾಗ ಒಂದು ಡಿಐ ಬಾಕ್ಸ್, ಹೊಸ ಬ್ಯಾಟರಿ, ಒಂದು ಹೆಚ್ಚುವರಿ ಕೇಬಲ್ ಚೀಲದಲ್ಲಿರಲಿ, ಮತ್ತು ನಿಮ್ಮ ಗಿಟಾರ್ ನಿಮಗೇ ಕೇಳುವಂತೆ ಮಾನಿಟರಿಗೆ ಕೊಡಿ ಎಂದು ಮಿಕ್ಸರ್ ಮುಂದೆ ಕೂತವರಿಗೆ ಮೊದಲೇ ಹೇಳಿಡಿ. ಬೆನ್ನ ಹಿಂದೆ ಆಂಪ್ ಇಲ್ಲದಿದ್ದಾಗ ನಿಮ್ಮ ಸದ್ದು ನಿಮಗೆ ತಲುಪುವುದು ಅವರ ಮೂಲಕವೇ.